ಮೂರು ಸಹಿ, ಒಂದೇ ಒಕ್ಕಣೆ

1974ನೇ ಇಸವಿ ಮಾರ್ಚ್ 11, ಸೋಮವಾರ, ಬೆಳಿಗ್ಗೆ ಹತ್ತು ನಲವತ್ತು. ಅಮೆರಿಕದ ವಿಶ್ವವಿದ್ಯಾಲಯದ ಕಾಗದ ಮಂಡ್ಯದ ಗುತ್ತಲು ಬಡಾವಣೆಯ ನಮ್ಮ ಸೋದರತ್ತೆಯ ಮನೆಗೆ ಬಂದದ್ದು ಆಗ. ನಾನು ಅರ್ಜಿ ಅಂಚೆಗೆ ಹಾಕಿ ತೊಂಬತ್ತೆಂಟು ದಿನವಾಗಿತ್ತು. ಅತ್ತೆ ಒರಳಿನ ಮುಂದೆ ಕೂತಿದ್ದವರು ಕೈಯನ್ನೂ ತೊಳೆಯದೆ ಎದ್ದು ಬಂದರು.

"ಸಿಕ್ತಾ? ಸಿಕ್ತೇನೇ?" ಎಂದರು.

ನಾನು ಓದುತ್ತಿದ್ದೆ. ಕಾಗದದಲ್ಲಿ ಎಂಟು ಸಾಲಿತ್ತು. ನಿಮ್ಮ ಪರವಾಗಿ ಬಂದಿರುವ ಮೂರು ಶಿಫಾರಸು ಪತ್ರಗಳಲ್ಲಿ ಒಕ್ಕಣೆ ಮೊದಲ ಪದದಿಂದ ಕೊನೆಯ ಪದದವರೆಗೆ ಒಂದೇ ಆಗಿದೆ. ಮೂರೂ ಒಂದೇ ಟೈಪ್‌ರೈಟರಿನಲ್ಲಿ ಬೆರಳಚ್ಚಾಗಿವೆ. ಸಹಿ ಮತ್ತು ಮೇಲಿನ ವಿಳಾಸ ಮಾತ್ರ ಬೇರೆ. ಈ ಪತ್ರಗಳನ್ನು ಅಭ್ಯರ್ಥಿಯೇ ಬರೆದಿರಬಹುದೆಂದು ಸಮಿತಿ ಶಂಕಿಸುತ್ತದೆ. ತೃಪ್ತಿಕರವಾದ ವಿವರಣೆ ಏಪ್ರಿಲ್ 15ರೊಳಗೆ ನಮ್ಮ ಕೈ ಸೇರದಿದ್ದರೆ ಅರ್ಜಿಯನ್ನು ತಿರಸ್ಕರಿಸಲಾಗುವುದು.

ನಾನು ಮೂರು ಸಲ ಓದಿದೆ. ಮೂರನೆಯ ಸಲ ಅಕ್ಷರಗಳು ಕಂಡವು, ಅರ್ಥ ಹೋಗಿತ್ತು. ಕಳ್ಳಿ ಎಂದು ಯಾರೂ ನನ್ನನ್ನು ಅದುವರೆಗೆ ಕರೆದಿರಲಿಲ್ಲ. ಇಲ್ಲೂ ಆ ಪದ ಇರಲಿಲ್ಲ. 'ಶಂಕಿಸುತ್ತದೆ' ಎಂದಿತ್ತು, ಮರ್ಯಾದೆಯಾಗಿ.

ಡೈರಿಯಲ್ಲಿ ಆ ದಿನ ನಾನು ಬರೆದದ್ದು ಇಷ್ಟೇ: '10.40 ಕಾಗದ. ಉಳಿದ ದಿನ 35. ಅಂಚೆಗೆ 14 ಕಳೆದರೆ 21.'

ಆಗ ನನಗೆ ಇಪ್ಪತ್ಮೂರು ವರ್ಷ. ಮೈಸೂರಿನಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಮಂಡ್ಯದ ಒಂದು ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ನಮ್ಮ ತಂದೆ ಬ್ಲಫ್‌ನಲ್ಲಿ, ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಆಪರೇಟರ್. ಗಂಟೆಗೊಂದು ಸಲ ಮೀಟರುಗಳನ್ನು ನೋಡಿ ಲಾಗ್ ಪುಸ್ತಕದಲ್ಲಿ ಬರೆಯುವುದು ಅವರ ಕೆಲಸ. ದಿನಾಂಕ, ಗಂಟೆ, ಅಂಕಿ ಬರೆದಿಡುವ ಚಟ ನನಗೆ ಅವರಿಂದಲೇ ಬಂತು. ಮಣ್ಣಿನ ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಬೇಕೆಂಬ ಆಸೆ ಮಾತ್ರ ನನ್ನದೇ. ಆ ವರ್ಷ ಅರ್ಜಿ ಹಾಕಿದ್ದು ಅದೊಂದೇ ಕಡೆಗೆ. ಮುಂದಿನ ವರ್ಷಕ್ಕೆ ನನ್ನ ಮದುವೆ ಎಂದು ಮನೆಯಲ್ಲಿ ಮಾತಾಗಿತ್ತು; ತಂದೆ ಒಂದು ವರ್ಷದ ವಾಯಿದೆ ಕೊಡಿಸಿದ್ದರು. ಆದ್ದರಿಂದ ಈ ಅರ್ಜಿ ಬಿದ್ದುಹೋದರೆ ಇನ್ನೊಂದು ಅರ್ಜಿ ಇರಲಿಲ್ಲ.

ಶಿಫಾರಸು ಪತ್ರ ಕೊಟ್ಟವರು ಮೂವರು. ನನ್ನ ಕಾಲೇಜಿನ ವಿಭಾಗದ ಮುಖ್ಯಸ್ಥರು ಒಬ್ಬರು. ಮಳವಳ್ಳಿಯಲ್ಲಿ ಮಣ್ಣು ಪರೀಕ್ಷೆ ನೋಡಿಕೊಳ್ಳುತ್ತಿದ್ದ ಅಧಿಕಾರಿ ಒಬ್ಬರು. ಅವರ ಕೈಕೆಳಗೆ ನಾನು ಐದು ತಿಂಗಳು ಕೆಲಸ ಮಾಡಿದ್ದೆ. ಮೂರನೆಯವರು ನನಗೆ ಬಿ.ಎಸ್ಸಿ.ಯಲ್ಲಿ ಮೂರು ವರ್ಷ ಪಾಠ ಹೇಳಿ, ನಿವೃತ್ತರಾಗಿ ಮದ್ದೂರಿನಲ್ಲಿದ್ದ ಮೇಷ್ಟ್ರು. ನಾನು ರಸಾಯನಶಾಸ್ತ್ರ ಹಿಡಿದದ್ದೇ ಅವರಿಂದ.

ಪತ್ರಗಳು ಬೆರಳಚ್ಚಾಗಿರಬೇಕು, ಅಭ್ಯರ್ಥಿ ಅವನ್ನು ನೋಡಬಾರದು ಎಂದು ಅರ್ಜಿಯಲ್ಲಿತ್ತು. ಮೂವರ ಹತ್ತಿರವೂ ಟೈಪ್‌ರೈಟರ್ ಇರಲಿಲ್ಲ. ನಾನೇ ಒಂದು ಏರ್ಪಾಡು ಮಾಡಿದೆ. ಮೂವರೂ ಕೈಯಲ್ಲಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿ ಕೊಟ್ಟರು. ಅವನ್ನು ಅವರವರ ಲೆಟರ್‌ಹೆಡ್ ಸಮೇತ ಮಂಡ್ಯದ ಕೋರ್ಟಿನ ಮುಂದೆ ಕೂರುವ ಟೈಪಿಸ್ಟರಿಗೆ ಕೊಟ್ಟೆ. ಅವರು ಟೈಪ್ ಮಾಡಿ ಮತ್ತೆ ಲಕೋಟೆಗೆ ಹಾಕಿ ಅಂಟಿಸಿದರು. ನಾನು ಮೂರು ಊರಿಗೆ ಒಯ್ದು ಸಹಿ ಹಾಕಿಸಿದೆ. ಸಹಿ ಹಾಕುವಾಗ ಪ್ರತಿ ಮನೆಯಲ್ಲೂ ಬಾಗಿಲ ಹೊರಗೆ ನಿಂತಿದ್ದೆ. ಒಂದಕ್ಷರವನ್ನೂ ನೋಡಲಿಲ್ಲ. ಅದರ ಬಗ್ಗೆ ನನಗೆ ಎಷ್ಟು ಹೆಮ್ಮೆಯಿತ್ತೆಂದರೆ ಡೈರಿಯಲ್ಲಿ 'ನೋಡಲಿಲ್ಲ' ಎಂದು ಮೂರು ದಿನ ಬೇರೆಬೇರೆಯಾಗಿ ಬರೆದಿದ್ದೆ.

ಆ ಸೋಮವಾರ ಮಧ್ಯಾಹ್ನ ನನಗೆ ಪ್ರಾಕ್ಟಿಕಲ್ ತರಗತಿ ಇತ್ತು. ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ ಚೀಟಿ ಕಳಿಸದೆ ತಪ್ಪಿಸಿಕೊಂಡು ಕೋರ್ಟಿನ ಕಡೆ ನಡೆದೆ.

ಟೈಪಿಸ್ಟರು ಟಾರ್ಪಾಲಿನ ಕೆಳಗೆ ಯಾರದೋ ಅಫಿಡವಿಟ್ ಹೊಡೆಯುತ್ತಿದ್ದರು. ಐವತ್ತರ ಆಸುಪಾಸಿನವರು, ಕಿವಿಯ ಮೇಲೆ ಪೆನ್ಸಿಲು. ನನ್ನನ್ನು ನೋಡಿದ ಕೂಡಲೇ ಮುಖ ಅರಳಿತು.

"ಏನವ್ವ, ಆಯ್ತಾ ಅಮೇರಿಕಾ? ಯಾವತ್ತು ಓಯ್ತೀಯ?"

ನಾನು ಕಾಗದ ಮುಂದೆ ಹಿಡಿದೆ. ಅವರು ಓದಿದರು. ಇಂಗ್ಲಿಷ್ ಅವರಿಗೆ ಚೆನ್ನಾಗಿ ಬರುತ್ತಿತ್ತು, ಕೋರ್ಟಿನ ಇಂಗ್ಲಿಷ್. ಓದಿ ಮುಗಿಸಿ ನನ್ನ ಮುಖ ನೋಡಿದರು. ಅವರಿಗೆ ನಾಚಿಕೆಯಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ.

"ಒಂದೇ ತರ ಅದೆ ಅಂತ ತಕರಾರಾ? ಒಂದೇ ತರ ಇರ್ಬೇಕಲ್ಲವ್ವ!"

"ಮೂರು ಜನ ಮೂರು ಥರ ಬರೆದುಕೊಟ್ಟಿದ್ದರಲ್ಲ?"

"ಬರ್ದಿದ್ರು. ಒಬ್ರದು ಒಂದು ದಿಕ್ಕು, ಇನ್ನೊಬ್ರದು ಇನ್ನೊಂದು ದಿಕ್ಕು. ನಾನು ನೋಡ್ದೆ. ಇಪ್ಪತ್ತಾರು ವರ್ಸ ಆಯ್ತು ಈ ಕಟ್ಟೆ ಮೇಲೆ ಕೂತು. ಮೂರು ಜನ ಸಾಕ್ಷಿ ಬಂದು ಮೂರು ಮಾತು ಏಳಿದ್ರೆ ಎದುರುಗಡೆ ವಕೀಲ ಸುಮ್ಕೆ ಬುಟ್ಟಾನಾ? ಒಬ್ಬ ಬಿಳಿ ಎತ್ತು ಅಂದ, ಒಬ್ಬ ಕಂದು ಎತ್ತು ಅಂದ ಅಂತ ಕೇಸೇ ವಜಾ ಆಗೋದ್ನ ನೋಡಿವ್ನಿ. ಅದ್ಕೇ ಮೂರ್ನೂ ಒಂದೇ ಮಾತಿಗೆ ತಂದೆ. ಮೇಲಾಗಿ ಒಳ್ಳೆ ಮಾತು ಆಕ್ದೆ. ನಿನ್ ಕೇಸು ಗಟ್ಟಿ ಮಾಡಾಕೆ ಕಣವ್ವ ನಾನು ಮಾಡಿದ್ದು!"

ಪಕ್ಕದಲ್ಲಿ ಕೂತಿದ್ದ ಕಕ್ಷಿದಾರ, ಅಫಿಡವಿಟ್‌ಗೆ ಕಾಯುತ್ತಿದ್ದವನು, ತಲೆದೂಗಿದ. "ಸಾಕ್ಷಿ ಒಂದೇ ಮಾತಾಗ್ಬೇಕು, ಸರಿ ಅಲ್ವಾ?" ಎಂದ ನನಗೆ.

ಆ ಕಟ್ಟೆಯ ಮೇಲೆ ಒಂದೇ ಮಾತೆಂದರೆ ಸತ್ಯ. ಎಂಟು ಸಾವಿರ ಮೈಲಿಯಾಚೆ ಒಂದೇ ಮಾತೆಂದರೆ ಮೋಸ. ಎರಡರ ನಡುವೆ ನನ್ನ ಅರ್ಜಿ. ಬಯ್ಯಬೇಕೆಂದು ಬಂದವಳಿಗೆ ಬಯ್ಯುವ ಜಾಗವೇ ಸಿಗಲಿಲ್ಲ.

"ಅವರು ಕೈಯಲ್ಲಿ ಬರೆದದ್ದು ಎಲ್ಲಿ?" ಎಂದು ಕೇಳಿದೆ.

"ಕೇಸು ಮುಗಿಯೋಗಂಟ ಡ್ರಾಫ್ಟ್ ಬಿಸಾಕಲ್ಲ ನಾನು" ಎಂದು ಪೆಟ್ಟಿಗೆಯಿಂದ ಒಂದು ತಂತಿ ಎತ್ತಿದರು. ಹಳೆಯ ಕಾಗದಗಳೆಲ್ಲ ಅದರಲ್ಲಿ ಚುಚ್ಚಿಕೊಂಡು ಕೂತಿದ್ದವು. ಹುಡುಕಿ ಮೂರನ್ನು ಬಿಡಿಸಿದರು. ಕೊಡುವ ಮುಂಚೆ ಒಂದನ್ನು ಹಿಂದಕ್ಕೆ ಎಳೆದುಕೊಂಡರು.

"ಇದು ಬ್ಯಾಡ."

"ಯಾಕೆ?"

"ಬ್ಯಾಡ ಅಂದ್ರೆ ಬ್ಯಾಡ ಬುಡವ್ವ. ವಯಸ್ಸಾದೋರು ಏನೋ ಬರ್ದವ್ರೆ."

ನಾನು ಕೈ ಚಾಚಿಯೇ ನಿಂತಿದ್ದೆ. ನೋಡಬಾರದೆಂಬ ನಿಯಮ ಆಗಲೂ ನೆನಪಿತ್ತು. ಆದರೆ ಮೋಸಗಾತಿ ಎನ್ನಿಸಿಕೊಂಡ ಮೇಲೆ ಯಾವ ನಿಯಮ?

ಮುಖ್ಯಸ್ಥರದು ಅರ್ಧ ಪುಟ: ಸಮಯಕ್ಕೆ ಸರಿಯಾಗಿ ಬರುತ್ತಾಳೆ, ಗಾಜಿನ ಸಾಮಾನು ಒಡೆಯುವುದಿಲ್ಲ. ಮಳವಳ್ಳಿಯವರದು ಒಂದು ಪುಟ: ಐದು ತಿಂಗಳಲ್ಲಿ ಆರುನೂರ ಹನ್ನೆರಡು ಮಣ್ಣಿನ ಮಾದರಿ ಪರೀಕ್ಷಿಸಿದಳು, ಒಂದನ್ನೂ ಎರಡನೇ ಸಲ ಮಾಡಬೇಕಾಗಲಿಲ್ಲ. ಮೂರನೆಯದು ಮದ್ದೂರಿನ ಮೇಷ್ಟ್ರದು. ಕಣ್ಣಿನ ಪೊರೆ ಬೆಳೆದಿದ್ದ ಕಾಲ, ಅಕ್ಷರ ಒಂದೊಂದೂ ಹುಣಸೇ ಬೀಜದಷ್ಟು ದಪ್ಪ. ಇಂಗ್ಲಿಷಿನಲ್ಲಿ ಬರೆದಿದ್ದರು. ಅದರ ಸಾರಾಂಶ ಇದು:

ಈ ಹುಡುಗಿ ಅಳೆಯುವುದರಲ್ಲಿ ತಪ್ಪಿದ್ದನ್ನು ನಾನು ಕಂಡಿಲ್ಲ. ಅಳೆದದ್ದನ್ನು ಬರೆದಿಡುವುದರಲ್ಲಿ ಇವಳ ಸಮ ನನ್ನ ಮೂವತ್ತೆರಡು ವರ್ಷದ ಸರ್ವೀಸಿನಲ್ಲಿ ಯಾರೂ ಬಂದಿಲ್ಲ. ಆದರೆ ಅದನ್ನು ಏಕೆ ಅಳೆಯುತ್ತಿದ್ದೇವೆ ಎಂದು ಮೂರು ವರ್ಷದಲ್ಲಿ ಒಂದು ಸಲವೂ ಇವಳು ಕೇಳಲಿಲ್ಲ. ಸಂಶೋಧನೆಗೆ ಇವಳು ತಕ್ಕವಳು ಎಂದು ನಾನು ಹೇಳಲಾರೆ.

ನಾನು ಆ ಕಟ್ಟೆಯ ಮೇಲೆ ಕೂತುಬಿಟ್ಟೆ. ಟೈಪಿಸ್ಟರು ಕೂಜದಿಂದ ನೀರು ಬಗ್ಗಿಸಿಕೊಟ್ಟರು. "ಅದ್ಕೇ ಕಣವ್ವ ಬ್ಯಾಡ ಅಂದಿದ್ದು" ಎಂದರು.

ಬೆಳಿಗ್ಗೆ ಬಂದ ಕಾಗದ ನನಗೆ ಮರೆತೇಹೋಗಿತ್ತು. ಗುರುತಿಲ್ಲದವರು ನನ್ನನ್ನು ಕಳ್ಳಿ ಎಂದುಕೊಂಡದ್ದಕ್ಕಿಂತ, ಗುರುತಿದ್ದವರು ನಾನು ತಕ್ಕವಳಲ್ಲ ಎಂದು ಬರೆದದ್ದು ದೊಡ್ಡ ಏಟು. ಆ ಪತ್ರವನ್ನು ನಾನೇ ಎದೆಗವಚಿಕೊಂಡು ಮದ್ದೂರಿನಿಂದ ಮಂಡ್ಯಕ್ಕೆ ಬಸ್ಸಿನಲ್ಲಿ ತಂದಿದ್ದೆನಲ್ಲ!

ಮರುದಿನ ಮದ್ದೂರಿಗೆ ಹೋದೆ. ಮೇಷ್ಟ್ರಿಗೆ ಜನವರಿಯಲ್ಲಿ ಪೊರೆ ತೆಗೆದಿದ್ದರು. ದಪ್ಪ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಪೇಪರ್ ಓದುತ್ತಿದ್ದರು. ಪಾಠ ಹೇಳುವಾಗ ಪುಸ್ತಕದ ಕನ್ನಡ, ಮನೆಯಲ್ಲಿ ಊರಿನ ಮಾತು.

"ಬಾರಮ್ಮಿ. ಈಗ ನಿನ್ ಮುಖ ಸರಿಯಾಗ್ ಕಾಣ್ತದೆ. ಯಾಕಿಂಗ್ ಬಿಳಿಚ್ಕೊಂಡಿದೀಯ?"

ನಾನು ಮೊದಲು ವಿಶ್ವವಿದ್ಯಾಲಯದ ಕಾಗದ ಕೊಟ್ಟೆ. ಆಮೇಲೆ ಟೈಪ್ ಮಾಡಿದ ಒಕ್ಕಣೆಯ ಕಾರ್ಬನ್ ಪ್ರತಿ ಕೊಟ್ಟೆ. ಟೈಪಿಸ್ಟರು ಅದನ್ನೂ ಇಟ್ಟಿದ್ದರು. ಮೇಷ್ಟ್ರು ಓದುತ್ತ ಹೋದ ಹಾಗೆ ಅವರ ಕಿವಿ ಕೆಂಪಾಯಿತು.

"ಇದ್ರ ಕೆಳಗೆ ನನ್ ಸೈನಾ? 'ಅಸಾಧಾರಣ ಪ್ರತಿಭೆ'! ಈ ಪದ ನಾನು ಜೀವ್ಮಾನದಲ್ಲಿ ಯಾರಿಗೂ ಬರ್ದಿಲ್ಲ ಕಣಮ್ಮಿ. ಯಾವನ್ ಅವ್ನು?"

"ಕೋರ್ಟ್ ಹತ್ತಿರದ ಟೈಪಿಸ್ಟರು. ನೀವು ಓದದೆ ಸಹಿ ಹಾಕಿದಿರಾ ಸರ್?"

"ಕಣ್ ಕಾಣ್ತಿತ್ತಾ ನಂಗೆ ಆವಾಗ? ನಮ್ಮವ್ಳು ಬೆರಳಿಟ್ಟು ತೋರಿಸಿದ್ ಜಾಗಕ್ಕೆ ಗೀಚ್ದೆ. ನೀನ್ ತಂದಿದ್ದಲ್ವಾ ಅಂತ ಗೀಚ್ದೆ."

ಆಮೇಲೆ ನಾನು ಅವರ ಕೈಬರಹದ ಹಾಳೆ ತೆಗೆದೆ. ಅವರು ಅದನ್ನು ಗುರುತಿಸಿದರು. ನಾನು ಓದಿದ್ದೇನೆ ಎಂದು ನನ್ನ ಮುಖದಿಂದಲೇ ತಿಳಿದರು. ಕ್ಷಮೆ ಕೇಳುತ್ತಾರೇನೋ, ಕಣ್ಣು ಕಾಣದೆ ಏನೋ ಬರೆದೆ ಎನ್ನುತ್ತಾರೇನೋ ಎಂದು ಕಾದೆ.

"ಇದು ನಂದು" ಎಂದರು. "ಇದ್ರಲ್ಲಿ ಸುಳ್ಳೇನದೆ?"

"ಇದನ್ನು ಕಳಿಸಿದರೆ ನನಗೆ ಸೀಟು ಸಿಗುವುದಿಲ್ಲ ಸರ್."

"ಸಿಗದೇ ಇರ್ಬೋದು."

"ನೀವು ಬೇರೆ ಬರೆದುಕೊಡಬಹುದಲ್ಲ?"

"ಬರ್ಕೊಡ್ತೀನಿ. ಎಷ್ಟ್ ಸಲ ಬರ್ದ್ರೂ ಇದೇ ಬರೀತೀನಿ. ನಿಂಗೆ ನಾನು ಬ್ಯಾಡ ಅಂದ್ರೆ ನನ್ನ ಬುಟ್ಟು ಬೇರೆಯೋರತ್ರ ಬರೆಸ್ಕೊ, ಬೇಜಾರಿಲ್ಲ. ನನ್ನ ಕೇಳಿದ್ದು ನೀನು ಕಣಮ್ಮಿ, ನಾನೇನ್ ಬಂದು ಬರ್ಕೊಡ್ತೀನಿ ಅಂದ್ನಾ?"

ಒಳಗಿನಿಂದ ಅವರ ಹೆಂಡತಿ, "ಓದ್ಕಂಡ ಹೆಣ್ಣುಮಗ ಎಲ್ಲಾದ್ರೂ ಓಗಿ ಮುಂದಕ್ಕೆ ಬರ್ಲಿ ಅನ್ನಕ್ಕಾಗಲ್ವಾ ನಿಮ್ಗೆ? ಬಾಯಿ ನೋಡು!" ಎಂದು ಕೂಗಿದರು. ಮೇಷ್ಟ್ರು ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ನನಗೆ ಕೊಟ್ಟ ಕಾಫಿಯನ್ನು ನಾನು ಮುಟ್ಟಲಿಲ್ಲ. ಅದನ್ನೂ ಡೈರಿಯಲ್ಲಿ ಬರೆದಿದ್ದೇನೆ.

ನಮ್ಮ ಮುಖ್ಯಸ್ಥರನ್ನು ಕೇಳಿದರೆ, ತಾವೂ ಓದದೆಯೇ ಸಹಿ ಹಾಕಿದ್ದಾಗಿ ಒಪ್ಪಿಕೊಂಡರು. ಶನಿವಾರ ಮಳವಳ್ಳಿಗೆ ಹೋಗಿ ಮಣ್ಣು ಪರೀಕ್ಷೆಯ ಅಧಿಕಾರಿಯನ್ನು ಕಂಡೆ. ತಾವೂ ಓದದೆ ಸಹಿ ಹಾಕಿದ್ದಕ್ಕೆ ಅವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಕೂತಲ್ಲೇ ಹೊಸ ಪತ್ರವನ್ನು ಕೈಯಲ್ಲೇ ಬರೆದುಕೊಟ್ಟರು. ಅಲ್ಲಿಂದ ಬ್ಲಫ್‌ಗೆ ಹೋದೆ. ತಂದೆ ಹಗಲು ಶಿಫ್ಟ್ ಮುಗಿಸಿ ಬಂದಿದ್ದರು. ಎಲ್ಲ ಹೇಳಿದೆ. ಮೂರು ಹಾಳೆಗಳನ್ನೂ ಓದಿ ಅರ್ಥ ಹೇಳಿದೆ.

ನಮ್ಮ ತಂದೆ ಲಾಗ್ ಪುಸ್ತಕದಲ್ಲಿ ಒಂದು ಅಂಕಿಯನ್ನೂ ತಿದ್ದಿದವರಲ್ಲ. ಒಮ್ಮೆ ಮೀಟರು ಕೆಟ್ಟು ಅಸಂಬದ್ಧ ಅಂಕಿ ತೋರಿಸಿದಾಗಲೂ ಅದನ್ನೇ ಬರೆದು ಪಕ್ಕದಲ್ಲಿ ಷರಾ ಹಾಕಿದವರು. ಅವರು ಏನು ಹೇಳುತ್ತಾರೆಂದು ನನಗೆ ಗೊತ್ತು ಎಂದುಕೊಂಡಿದ್ದೆ.

"ಮದ್ದೂರಿನೋರ್ದು ಕಳಿಸ್ಬೇಡ" ಎಂದರು. "ನಿಮ್ ಕಾಲೇಜಲ್ಲಿ ಇನ್ಯಾರತ್ರನಾದ್ರೂ ತಗೊ."

"ಅಪ್ಪಾ, ನೀವೇ..."

"ಅದು ಮಿಸಿನ್ನು ಕಣವ್ವ. ನೀನು ಮಗಳು."

ಅಷ್ಟು ಹೇಳಿ ಎದ್ದು ಹಿತ್ತಲಿಗೆ ಹೋದರು. ಆ ವಾರ ನನಗೆ ಬಿದ್ದ ಏಟುಗಳಲ್ಲಿ ಅದು ಮೂರನೆಯದು.

ಕೊನೆಗೆ ನಾನು ಮೇಷ್ಟ್ರ ಪತ್ರವನ್ನು ಕಳಿಸಿದೆ. ಧೈರ್ಯದಿಂದ ಎಂದು ಹೇಳಿಕೊಳ್ಳಲಾರೆ. ಎರಡು ಕಾಲಂ ಮಾಡಿ ಬರೆದು ನೋಡಿದೆ. ಮೇಷ್ಟ್ರನ್ನು ಬಿಟ್ಟು ಹೊಸಬರ ಪತ್ರ ಕಳಿಸಿದರೆ, ಸಹಿ ಹಾಕಿದ್ದ ಮೂರನೆಯವರು ಎಲ್ಲಿ ಮಾಯವಾದರು ಎಂದು ಸಮಿತಿಯವರು ಕೇಳೇ ಕೇಳುತ್ತಾರೆ. ಆಗ ಶಂಕೆ ಖಾತರಿಯಾಗುತ್ತದೆ. ಕಳಿಸಿದರೆ ಕಳ್ಳಿ ಅಲ್ಲ, ದಡ್ಡಿ ಎಂದು ತಿರಸ್ಕಾರವಾಗುತ್ತದೆ. ಎರಡರಲ್ಲಿ ಎರಡನೆಯದೇ ವಾಸಿ ಎನ್ನಿಸಿತು, ಅಷ್ಟೇ.

ಟೈಪಿಸ್ಟರು ತಾವೂ ಒಂದು ಅಫಿಡವಿಟ್ ಕೊಡುತ್ತೇನೆಂದು ಹಟ ಹಿಡಿದರು. ಛಾಪಾ ಕಾಗದದ ಮೇಲೆ, ದೇವರ ಮೇಲೆ ಪ್ರಮಾಣ ಮಾಡಿ, ಸದರಿ ಮೂರು ಪತ್ರಗಳ ಒಕ್ಕಣೆಯನ್ನು ಅಭ್ಯರ್ಥಿಯ ಅರಿವಿಗೆ ಬಾರದಂತೆ, ಆಕೆಯ ಹಿತದೃಷ್ಟಿಯಿಂದ ತಾನೇ ಒಂದುಗೂಡಿಸಿದ್ದಾಗಿ ಬರೆದರು. ನೋಟರಿಯ ಮೊಹರು ಹಾಕಿಸಿದರು. ಸಾಕ್ಷಿಗಳ ಜಾಗಕ್ಕೆ ಇಬ್ಬರು ವಕೀಲರ ಗುಮಾಸ್ತರನ್ನು ಹಿಡಿದು ತಂದರು. "ಇಬ್ರೂ ಒಂದೇ ಮಾತು ಏಳ್ತಾರೆ, ಬರ್ಕೊ" ಎಂದು ನನಗೆ ಕಣ್ಣು ಮಿಟುಕಿಸಿದರು. ಆ ವಾರದಲ್ಲಿ ನಾನು ನಕ್ಕದ್ದು ಅದೊಂದೇ ಸಲ.

ಮಾರ್ಚ್ 20ರಂದು ಅಂಚೆಗೆ ಹಾಕಿದೆ. ಕೈಬರಹದ ಪತ್ರ ಮೂರು, ಅಫಿಡವಿಟ್ ಒಂದು, ನನ್ನ ವಿವರಣೆ ಎರಡು ಪುಟ. ನಲವತ್ತು ದಿನ ಕಾದೆ.

ಏಪ್ರಿಲ್ 29ರಂದು ಉತ್ತರ ಬಂತು. ಪ್ರವೇಶ ಕೊಟ್ಟಿದ್ದರು, ಷರತ್ತಿನ ಮೇಲೆ: ಮೊದಲ ಸೆಮಿಸ್ಟರ್ ಮುಗಿದಾಗ ಮಾರ್ಗದರ್ಶಕರು ಒಂದು ವರದಿ ಕೊಡಬೇಕು, ಅದು ತೃಪ್ತಿಕರವಾಗಿದ್ದರೆ ಮಾತ್ರ ಮುಂದುವರಿಕೆ. ನನಗೆ ಬೆರಗಾದದ್ದು ಕೆಳಗಿನ ಸಾಲುಗಳಿಂದ. ಮೂರು ಪತ್ರಗಳಲ್ಲಿ ನಿಮ್ಮ ನಿವೃತ್ತ ಅಧ್ಯಾಪಕರದು ಬಹಳ ಉಪಯುಕ್ತವಾಗಿತ್ತು ಎಂದಿತ್ತು. ಗಂಟೆಗೊಂದು ಸಲ ಮಣ್ಣಿನ ತೇವ ಅಳೆಯುವ ಕೆಲಸಕ್ಕೆ ಒಂದು ಅಳತೆಯನ್ನೂ ಬಿಡದವರು ಬೇಕೆಂದು ನಮ್ಮ ಪ್ರೊಫೆಸರೊಬ್ಬರು ಎರಡು ವರ್ಷದಿಂದ ಹುಡುಕುತ್ತಿದ್ದಾರೆ ಎಂದಿತ್ತು.

ಅದೇ ದಿನ ಮದ್ದೂರಿಗೆ ಓಡಿದೆ. ಮೇಷ್ಟ್ರು ಕಾಗದವನ್ನು ಎರಡು ಸಲ ಓದಿದರು.

"ಅವ್ರಿಗೆ ಓದಕ್ಕೆ ಬರಲ್ಲ ಕಣಮ್ಮಿ" ಎಂದರು. "ನಾನು ಬರ್ದಿದ್ದು ಬ್ಯಾಡ ಅಂತ. ಅವ್ರು ಓದ್ಕೊಂಡಿದ್ದು ಬೇಕು ಅಂತ." ಆಮೇಲೆ ಒಳಗೆ ತಿರುಗಿ, "ಏ, ಕಾಫಿ ತಾರೇ. ಇವತ್ ಕುಡೀತಾಳೆ" ಎಂದರು.

ಆಗಸ್ಟ್ 19ಕ್ಕೆ ಅಲ್ಲಿ ಇಳಿದೆ. ಮೊದಲ ತಿಂಗಳ ಡೈರಿಯಲ್ಲಿ ಬರೀ ಅಚ್ಚರಿಗಳ ಪಟ್ಟಿ ಇದೆ. ವಿದ್ಯಾರ್ಥಿಗಳು ಮೇಜಿನ ಮೇಲೆ ಕಾಲಿಟ್ಟುಕೊಂಡು ಪ್ರೊಫೆಸರ ಜೊತೆ ಮಾತಾಡುತ್ತಾರೆ. ನಲ್ಲಿಯಲ್ಲಿ ದಿನವಿಡೀ ಬಿಸಿನೀರು. ಜೊತೆಗೆ ಕೋಣೆಯಲ್ಲಿದ್ದ ಹುಡುಗಿ ನನ್ನ ಸಾರಿನ ಪುಡಿಯ ವಾಸನೆ ನೋಡಿ ಯಾವ ರೋಗಕ್ಕೆ ಎಂದು ಕೇಳಿದಳು. ರಾಗಿ ಸಿಗಲಿಲ್ಲ. ಇಪ್ಪತ್ತೊಂದನೇ ದಿನ ಯಾರಿಗೂ ಕಾಣದ ಹಾಗೆ ಅತ್ತದ್ದು ಒಂದು ಸಲ, ಕಂಡ ಹಾಗೆ ಎರಡು ಸಲ. ನವೆಂಬರಿನ ಹೊತ್ತಿಗೆ ಆ ಪಟ್ಟಿ ನಿಂತುಹೋಗಿದೆ. ಮಣ್ಣಿನ ತೇವದ ಅಂಕಿಗಳೇ ತುಂಬಿವೆ, ಗಂಟೆಗೊಂದರಂತೆ.

ಡಿಸೆಂಬರಿನಲ್ಲಿ ನನ್ನ ಪ್ರೊಫೆಸರು ಆ ವರದಿ ಬರೆದರು. ಬರೆದವರು ಅದನ್ನು ನನ್ನ ಕೈಗೇ ಕೊಟ್ಟು, ತಪ್ಪಿದ್ದರೆ ಹೇಳು ಎಂದರು. ನನಗೆ ಕೈ ಚಾಚಲಾಗಲಿಲ್ಲ. ನಾನು ನೋಡಬಾರದಲ್ಲವೇ ಎಂದೆ. ನಿನ್ನ ವಿಷಯವನ್ನು ನೀನಲ್ಲದೆ ಇನ್ಯಾರು ನೋಡಬೇಕು ಎಂದರು. ಓದಿದೆ. ಅಳತೆಗಳ ಬಗ್ಗೆ ಇದ್ದದ್ದೆಲ್ಲ ಸರಿಯಾಗಿತ್ತು. ಕೊನೆಗೆ ಒಂದು ಸಾಲಿತ್ತು: ಇವಳು ಸದಾ ಒಳ್ಳೆಯ ಪ್ರಶ್ನೆಗಳನ್ನು ಕೇಳುತ್ತಾಳೆ.

ಆ ಸಾಲು ಇದ್ದರೆ ನಾನು ಉಳಿಯುತ್ತೇನೆ. ಅದು ನನಗೆ ಗೊತ್ತಿತ್ತು. ನನ್ನ ಕೋಟಿನ ಜೇಬಿನಲ್ಲಿ ಡೈರಿಯೂ ಇತ್ತು.

"ಇದು ತಪ್ಪು" ಎಂದೆ. "ಹದಿನೈದು ವಾರದಲ್ಲಿ ನಾನು ಕೇಳಿದ್ದು ನಾಲ್ಕು ಪ್ರಶ್ನೆ. ಒಂದು, ಉಗ್ರಾಣದ ಬೀಗದ ಕೈ ಎಲ್ಲಿ ಎಂದು."

ಅವರು ಟೈಪ್‌ರೈಟರಿಗೆ ಹೊಸ ಹಾಳೆ ಏರಿಸಿ ತಾವೇ ಹೊಡೆದರು. ಹೊಸ ಸಾಲು ಹೀಗಿತ್ತು: ಮೂರು ಪ್ರಶ್ನೆ ಕೇಳಿದ್ದಾಳೆ, ಅವುಗಳಲ್ಲಿ ಒಂದು ಒಳ್ಳೆಯದು.

ಜನವರಿ 8ರಂದು ಷರತ್ತು ತೆಗೆದರೆಂದು ಕಚೇರಿಯಿಂದ ಚೀಟಿ ಬಂತು. ನಾನು ಅದೇ ದಿನ ಏರೋಗ್ರಾಮ್ ಕೊಂಡು ಮದ್ದೂರಿಗೆ ಎಲ್ಲ ಬರೆದೆ: ವರದಿ, ನಾಲ್ಕು ಪ್ರಶ್ನೆ, ಮೂರು, ಒಂದು.

ಮೇಷ್ಟ್ರ ಉತ್ತರ ಬರಲು ಇಪ್ಪತ್ತಾರು ದಿನ ಹಿಡಿಯಿತು. ಕಣ್ಣು ಚೆನ್ನಾಗಿ ಕಾಣುತ್ತಿದ್ದುದರಿಂದ ಅಕ್ಷರ ಸಣ್ಣಗಾಗಿತ್ತು. ಸಂತೋಷ, ಆರೋಗ್ಯ ನೋಡಿಕೊ ಎಂದು ಬರೆದಿದ್ದರು. ಕೆಳಗೆ: 'ಆ ಒಂದು ಒಳ್ಳೆಯ ಪ್ರಶ್ನೆ ಯಾವುದು? ಲೆಕ್ಕ ಬರೆದಿದ್ದೀಯೆ, ಪ್ರಶ್ನೆ ಬರೆದಿಲ್ಲ.'

ನಾನು ಡೈರಿ ತೆಗೆದು ನವೆಂಬರಿನ ಪುಟಗಳನ್ನು ಹುಡುಕಿದೆ. 14ನೇ ತಾರೀಖಿನ ಕೆಳಗೆ ಸಿಕ್ಕಿತು: 'ಪ್ರಶ್ನೆ ಕೇಳಿದ್ದು, 1. ಸಂಜೆ 4.20.'

ಅಷ್ಟೇ ಇತ್ತು. ನಾನು ಪುಟ ತಿರುಗಿಸಿ ಹಿಂದೆಯೂ ನೋಡಿದೆ.